ತಪ್ಪು ಬೆರಳಿನದ್ದಲ್ಲ, ಗಿಟಾರಿನದ್ದು!

ಮೊದಲ ಸಂಬಳದಲ್ಲಿ ಆನ್‌ಲೈನ್‌ನಲ್ಲಿ ಒಂದು ಅಗ್ಗದ ಗಿಟಾರ್ ತರಿಸಿಕೊಂಡೆ. ಎರಡು ತಿಂಗಳು ಬೆರಳು ನೋಯಿಸಿಕೊಂಡರೂ ಎಫ್ ಕಾರ್ಡ್ ಒಮ್ಮೆಯೂ ಸರಿಯಾಗಿ ನುಡಿಯಲಿಲ್ಲ. ‘ಸಂಗೀತ ನಮ್ಮಂಥವರಿಗಲ್ಲ ಬಿಡು’ ಅಂತ ಅಟ್ಟಕ್ಕೆ ಹಾಕಿದೆ. ಮೂರು ವರ್ಷದ ಮೇಲೆ ಗೆಳೆಯನ ಗಿಟಾರಿನಲ್ಲಿ ಅದೇ ಎಫ್ ಹಿಡಿದೆ. ನುಡಿದೇಬಿಟ್ಟಿತು! ನನ್ನ ಗಿಟಾರಿನಲ್ಲಿ ತಂತಿಗಳು ತೀರಾ ಎತ್ತರದಲ್ಲಿದ್ದವು, ಅಷ್ಟೇ.

ಹಾಗಾಗಿ ಮೊದಲ ಒಳ್ಳೆಯ ಅಕೌಸ್ಟಿಕ್ ಗಿಟಾರ್ ಕೊಳ್ಳುವಾಗ ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ.

ತಂತಿಯ ಎತ್ತರ: 12ನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2.5 ಮಿ.ಮೀ. ಎತ್ತರದಲ್ಲಿದ್ದರೆ ಬೆರಳಿಗೆ ಹಿತ. ಜಾಸ್ತಿಯಿದ್ದರೆ ‘ಸೆಟಪ್ ಮಾಡಿಕೊಡಿ’ ಅಂತ ಕೇಳಿ, ಸಂಕೋಚ ಬೇಡ.

ಸ್ವರ: 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು.

ಮರ: ಮುಂಭಾಗದ ಹಲಗೆ ‘ಸಾಲಿಡ್ ಟಾಪ್’ ಇರಲಿ. ಪದರ ಅಂಟಿಸಿದ ಪ್ಲೈಗಿಂತ ಇಡೀ ಮರ ಚೆನ್ನಾಗಿ ಕಂಪಿಸುತ್ತದೆ. ಯಮಹಾ ಎಫ್‌ಜಿ800ರಲ್ಲಿ ಇರೋದು ಸಾಲಿಡ್ ಸ್ಪ್ರೂಸ್. ಹಿಂಬದಿ, ಪಕ್ಕಗಳು ಪ್ಲೈ ಆದರೂ ಚಿಂತೆಯಿಲ್ಲ.

ಅಂದಹಾಗೆ, ಅಟ್ಟದ ಗಿಟಾರನ್ನು ಇಳಿಸಿ, ಸ್ಯಾಡಲ್ ಉಜ್ಜಿಸಿ ತಂತಿ ತಗ್ಗಿಸಿದೆ. ಈಗ ಅಕ್ಕನ ಮಗಳು ಅದರಲ್ಲೇ ಕಲಿಯುತ್ತಿದ್ದಾಳೆ. ಮೊನ್ನೆ ಎಫ್ ಹಿಡಿದಳು.