ಹೆಪ್ಪುಗಟ್ಟದ ನೆತ್ತರು

೧೯೩೩ರ ಫೆಬ್ರವರಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ ಸುಮಾರು ಇನ್ನೂರು ಮೈಲಿ ಸವೆಸಿ ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯಕ್ಕೆ ಬಂದ. ಅವನು ತಂದಿದ್ದುದು ಸತ್ತ ಕಡಸು, ಕೆಟ್ಟುಹೋದ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟಲೊಲ್ಲದ ನೆತ್ತರು. ಕಾರ್ಲ್ ಲಿಂಕ್ ಎಂಬ ರಸಾಯನ ಶಾಸ್ತ್ರಜ್ಞನೂ ಸಂಗಡಿಗರೂ ಆರು ವರ್ಷ ದುಡಿದು ಆ ಮೇವಿನೊಳಗಿನ ದ್ರವ್ಯವನ್ನು ಬೇರ್ಪಡಿಸಿದರು. ವಾರ್ಫರಿನ್ ಅದರ ಸಂತತಿ. ೧೯೪೮ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂದ ಈ ವಸ್ತು ೧೯೫೪ರಲ್ಲಿ ಮನುಷ್ಯರ ಔಷಧವಾಯಿತು!

ನಡುವೆ, ೧೯೫೧ರಲ್ಲಿ, ಪ್ರಾಣ ಕಳೆದುಕೊಳ್ಳಲೆಂದು ಅದನ್ನು ತಿಂದ ಅಮೆರಿಕದ ತರುಣ ಸೈನಿಕನೊಬ್ಬನನ್ನು ಆಸ್ಪತ್ರೆಯವರು ವಿಟಮಿನ್ 'ಕೆ' ಕೊಟ್ಟು ಬದುಕಿಸಿದ್ದರು. ವೈದ್ಯರ ಅಳುಕು ತಗ್ಗಲು ಈ ಪ್ರಸಂಗವೂ ಒಂದು ಕಾರಣ.

'ರಕ್ತ ತೆಳುಮಾಡುವ ಗುಳಿಗೆ' ಎಂಬ ರೂಢಿಯ ಮಾತು ಸರಿಯಲ್ಲ. ನೆತ್ತರು ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೆ. ಅದಕ್ಕೆ ಬೇಕಾದ ಕೆಲವು ದ್ರವ್ಯಗಳನ್ನು ಯಕೃತ್ತು ವಿಟಮಿನ್ 'ಕೆ'ಯ ನೆರವಿನಿಂದ ಸಿದ್ಧಪಡಿಸುತ್ತದೆ. ವಾರ್ಫರಿನ್ ಆ ನೆರವಿಗೆ ಅಡ್ಡ ನಿಲ್ಲುತ್ತದೆ. ಎಷ್ಟು ತಡವಾಯಿತೆಂಬುದರ ಅಳತೆಯೇ ಐ.ಎನ್.ಆರ್. ಔಷಧವಿಲ್ಲದವರಲ್ಲಿ ಅದು ಸುಮಾರು ೧. ಔಷಧ ಸೇವಿಸುವವರಲ್ಲಿ ಸಾಮಾನ್ಯವಾಗಿ ೨ರಿಂದ ೩ ಇರಬೇಕು. ಹೃದಯದಲ್ಲಿ ಕೃತಕ ಕವಾಟವಿರುವ ಕೆಲವರಿಗೆ ತುಸು ಹೆಚ್ಚು.

ಜ್ವರದಿಂದ ಊಟ ಬಿಟ್ಟಾಗ, ಹೊಸದೊಂದು ಆಂಟಿಬಯಾಟಿಕ್ ಸೇರಿದಾಗ, ಮರೆತು ಎರಡು ಬಾರಿ ನುಂಗಿದಾಗ ಈ ಅಂಕೆ ಏರುತ್ತದೆ. ಪರೀಕ್ಷೆಯ ಚೀಟಿಯಲ್ಲಿ ೬ ಎಂದು ಕಂಡರೆ ಮನೆಮಂದಿ ನಡುಗುವುದು ಸಹಜ. ಆದರೆ ರಕ್ತಸ್ರಾವವಿಲ್ಲದಿದ್ದರೆ, ೧೦ರವರೆಗೂ ವೈದ್ಯರು ಬಹುಮಟ್ಟಿಗೆ ಒಂದೆರಡು ದಿನ ಗುಳಿಗೆ ನಿಲ್ಲಿಸಿ ಮತ್ತೆ ಪರೀಕ್ಷಿಸುವರು. ೧೦ನ್ನು ಮೀರಿದರೆ ವಿಟಮಿನ್ 'ಕೆ'ಯನ್ನು ಬಾಯಿಯ ಮೂಲಕ ಅಲ್ಪ ಪ್ರಮಾಣದಲ್ಲಿ ಕೊಡುವರು. ಏಕೆ ಈ ಜಿಪುಣತನ? ಮದ್ದು ಅತಿಯಾದರೆ ವಾರ್ಫರಿನ್ ಹಲವು ದಿನ ನಾಟದು. ಅಷ್ಟರಲ್ಲಿ ಕವಾಟದ ಮೇಲೆ ನೆತ್ತರು ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ತೀವ್ರ ರಕ್ತಸ್ರಾವದ ಮಾತು ಬೇರೆ. ಆಗ ವಿಟಮಿನ್ 'ಕೆ'ಯನ್ನು ರಕ್ತನಾಳಕ್ಕೇ ನಿಧಾನವಾಗಿ ಕೊಡುವರು. ಅದು ಫಲಿಸಲು ಗಂಟೆಗಳು ಬೇಕು. ಆದ್ದರಿಂದ ದಾನಿಗಳ ನೆತ್ತರಿನಿಂದ ಸಾಂದ್ರಗೊಳಿಸಿದ ಹೆಪ್ಪುಗಟ್ಟಿಸುವ ದ್ರವ್ಯಗಳನ್ನೂ ಜೊತೆಗೆ ಕೊಡುವರು. ಇವು ನಿಮಿಷಗಳಲ್ಲಿ ಕೆಲಸ ಮಾಡುತ್ತವೆ. ಮಲ ಕಪ್ಪಾದರೆ, ಹಠಾತ್ತನೆ ತಲೆ ಸಿಡಿದರೆ, ತಲೆಗೆ ಪೆಟ್ಟು ಬಿದ್ದರೆ ಐ.ಎನ್.ಆರ್. ಚೀಟಿಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಐ.ಎನ್.ಆರ್. ನೋಡುವ ಅಗತ್ಯವಿಲ್ಲದ ಹೊಸ ಗುಳಿಗೆಗಳೂ ಈಗ ಇವೆ. ಅವುಗಳಿಗೆ ಈ ಲೆಕ್ಕಾಚಾರ ಹೊಂದದು.

ಇನ್ನು ಸೊಪ್ಪು. ಅದರಲ್ಲಿ ವಿಟಮಿನ್ 'ಕೆ' ಹೇರಳವೆಂದು ಕೇಳಿದ ಕೂಡಲೇ ಕೆಲವು ಗೃಹಿಣಿಯರು ಅದನ್ನು ಅಡಿಗೆಮನೆಯಿಂದಲೇ ಗಡೀಪಾರು ಮಾಡುವುದುಂಟು. ಹಾಗೆ ಮಾಡಿದರೆ ಅಂಕೆ ಇನ್ನೂ ಏರೀತು! ವಾರಕ್ಕೆ ಮೂರು ದಿನ ಬಸ್ಸಾರು ಉಣ್ಣುತ್ತಿದ್ದವರು ಮೂರು ದಿನವೇ ಉಣ್ಣಲಿ. ಗುಳಿಗೆಯ ಪ್ರಮಾಣವನ್ನು ವೈದ್ಯರು ಗೊತ್ತುಮಾಡಿದ್ದು ಆ ಊಟಕ್ಕೇ.