ಐಸ್ ಬೆಳೆಯುವ ಊರಿನ ಹಾಕಿ

ರಾತ್ರಿ ಹನ್ನೊಂದು ಗಂಟೆ. ಹೊರಗೆ ಮೈನಸ್ 15 ಡಿಗ್ರಿಯೋ 20 ಡಿಗ್ರಿಯೋ. ಬುದ್ಧಿ ನೆಟ್ಟಗಿರುವವರು ಬುಖಾರಿ ಒಲೆಯ ಪಕ್ಕ ಕಂಬಳಿ ಹೊದ್ದು ಮುದುರಿಕೊಂಡಿರುವ ಹೊತ್ತು. ಲಡಾಖಿನಲ್ಲಿ ಆ ಹೊತ್ತಿಗೆ ಒಂದಷ್ಟು ಜನ ಪೈಪು, ಬಕೆಟ್ಟು ಹಿಡಿದು ಬಯಲಿಗೆ ಹೊರಡುತ್ತಾರೆ. ಯಾಕೆ ಗೊತ್ತೇ? ನೀರು ಹಾಯಿಸಲು!

ಬಾರ್ಲಿ ಕೊಯ್ದು ಎಷ್ಟೋ ಕಾಲವಾಗಿದೆ. ನೆಲ ಕಲ್ಲಾಗಿದೆ. ಈ ನೀರು ಯಾವ ಪೈರಿಗೂ ಅಲ್ಲ. ಅವರು ಬೆಳೆಯುತ್ತಿರುವುದು ಐಸನ್ನು.

ಬಯಲುಸೀಮೆಯವನಾದ ನನಗೆ ಐಸ್ ಅಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟು, ಸುತ್ತಿಗೆಯಿಂದ ಕುಟ್ಟಿ ಕೊಡುತ್ತಿದ್ದ ಗಡ್ಡೆ, ಅಷ್ಟೇ. ಆಟದ ಮೈದಾನವನ್ನೇ ನೀರಿನಿಂದ ಮಾಡಿಕೊಳ್ಳುವ ಜನ ಈ ದೇಶದಲ್ಲೇ ಇದ್ದಾರೆ ಎಂದು ತಿಳಿದ ಮೇಲೆ ನಾನು ಸುಮ್ಮನಿರುವುದಾದರೂ ಹೇಗೆ? ಸಿಕ್ಕಿದ್ದನ್ನೆಲ್ಲ ಓದಿದೆ. ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ತೋರಿಸಿದೆ.

ಈ ಬೇಸಾಯದಲ್ಲಿ ಅವಸರ ಕೂಡದು. ತೆಳ್ಳಗೆ ಒಂದು ಪದರ ನೀರು, ಅದು ಗಟ್ಟಿಯಾಗುವ ತನಕ ಕಾಯುವುದು, ಅದರ ಮೇಲೆ ಇನ್ನೊಂದು. ನಮ್ಮಲ್ಲಿ ಅಂಗಳ ಸಾರಿಸುವ ಹಾಗೆ, ರಾತ್ರಿಯಿಂದ ರಾತ್ರಿಗೆ. ಒಮ್ಮೆಗೇ ಸುರಿದುಬಿಟ್ಟರೆ ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ. ಒಳಗೆ ನೀರೂ ಗಾಳಿಯೂ ಸಿಕ್ಕಿಕೊಂಡು, ಸ್ಕೇಟಿನ ಅಲಗು ತಾಗಿದ್ದೇ ತಡ, ಹಪ್ಪಳದ ಹಾಗೆ ಚಟಕ್ಕನೆ ಒಡೆಯುತ್ತದೆ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ, ಹೆಚ್ಚೆಂದರೆ ಎರಡು ತಿಂಗಳು ಈ ಬೆಳೆ. ಅದರಲ್ಲೂ ಬಯಲಿನ ಐಸ್ ಮೇಲೆ ಬೆಳಗ್ಗೆ ಬೇಗ ಇಲ್ಲವೇ ಸಂಜೆಯ ಮೇಲೆ ಆಡಬೇಕು. ಮಧ್ಯಾಹ್ನದ ಬಿಸಿಲಿಗೆ ಮೈದಾನವೇ ಬೆವರಲು ಶುರುಮಾಡುತ್ತದೆ. ರೆಫರಿ ಮಾತನ್ನಾದರೂ ಪ್ರಶ್ನಿಸಬಹುದು, ಸೂರ್ಯನ ಜತೆ ವಾದ ಮಾಡುವವರು ಯಾರು?

ಇಂಥ ಊರಿನಲ್ಲಿ 2024ರ ಜನವರಿಯಲ್ಲಿ ಐಸ್ ಹಾಕಿಯ ಲೀಗ್ ಒಂದರ ಮೊದಲ ಸೀಸನ್ ನಡೆಯಿತು! ಲೇಹ್‌ನ ಎನ್‌ಡಿಎಸ್ ಸ್ಟೇಡಿಯಂ, ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಮೇಲೆ. ಲೀಗಿನ ಬೆನ್ನಿಗೆ ನಿಂತದ್ದು ರಾಯಲ್ ಎನ್‌ಫೀಲ್ಡ್. ಹೌದು, ಬೆಂಗಳೂರಿನ ಹುಡುಗರು ಸಾಲ ಮಾಡಿ ಕೊಂಡು ಖರ್‌ದುಂಗ್ ಲಾ ಹತ್ತಿಸಿ ಫೋಟೊ ಹಾಕುವ ಬುಲೆಟ್‌ನವರೇ. ಗಂಡಸರಿಗೂ ಲೀಗ್, ಹೆಂಗಸರಿಗೂ ಲೀಗ್, ಮೊದಲ ವರ್ಷದಿಂದಲೇ. ಈ ಮಾತನ್ನು ಇನ್ನೊಮ್ಮೆ ಓದಿ. ನಮ್ಮ ಕ್ರಿಕೆಟ್ಟಿನಲ್ಲಿ ಐಪಿಎಲ್ ಶುರುವಾದದ್ದು 2008ರಲ್ಲಿ, ಹೆಣ್ಣುಮಕ್ಕಳ ಲೀಗ್ ಬರಲು 2023 ಆಯಿತು.

ತಂಡಗಳ ಹೆಸರು ಕೇಳಿದರೇ ಒಂದು ಭೂಪಟ ಬಿಚ್ಚಿಕೊಳ್ಳುತ್ತದೆ. ಪುರಿಗ್ ವಾರಿಯರ್ಸ್: ಪುರಿಗ್ ಎಂದರೆ ಕಾರ್ಗಿಲ್ ಸೀಮೆ. ಚಾಂಗ್ಲಾ ಬ್ಲಾಸ್ಟರ್ಸ್: ಪಾಂಗಾಂಗ್ ಸರೋವರದ ದಾರಿಯಲ್ಲಿ ಸಿಗುವ ಬೆಟ್ಟದ ಕಣಿವೆಮಾರ್ಗದ ಹೆಸರು. ನನ್ನ ಮೆಚ್ಚಿನದು ಹೆಣ್ಣುಮಕ್ಕಳ ತಂಡ ಮರ್ಯುಲ್ ಸ್ಪಾಮೊ. ಮರ್ಯುಲ್ ಎಂದರೆ ಲಡಾಖಿನ ಹಳೆಯ ಹೆಸರು, ಸ್ಪಾಮೊ ಎಂದರೆ ವೀರವನಿತೆ. ಊರ ಹೆಸರಿನ ಹಿಂದೆ ಸಿಂಹ, ಹುಲಿ ಅಂಟಿಸಿದರಾಯಿತು ಎನ್ನುವ ನಮ್ಮ ಲೀಗುಗಳ ಬಡತನ ಇಲ್ಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡಿಲ್ಲ. ಮದ್ದೂರು ವಡೆಯ ಅಗಲದ, ಒಂದು ಅಂಗುಲ ದಪ್ಪದ ಕಪ್ಪು ರಬ್ಬರ್ ಬಿಲ್ಲೆ ಇರುತ್ತದೆ. ಅದೇ ಪಕ್. ತೂಕ 156ರಿಂದ 170 ಗ್ರಾಂ. ಪುಟಿಯದಿರಲಿ ಎಂದು ಆಟಕ್ಕೆ ಮೊದಲೇ ಅದನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಗೋಲಿ ಎಂದು ಕರೆಯುವ ಗೋಲ್‌ಕೀಪರೂ ಸೇರಿ ತಂಡಕ್ಕೆ ಆರು ಜನ, 20 ನಿಮಿಷದ ಮೂರು ಅವಧಿ. ಬಿರುಸು ಎಷ್ಟೆಂದರೆ ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಅದಲುಬದಲಾಗುತ್ತಾರೆ, ಉಸಿರು ಅಷ್ಟಕ್ಕೇ ಮುಗಿದಿರುತ್ತದೆ. ಸಮುದ್ರಮಟ್ಟದಲ್ಲೇ ಈ ಪಾಡು. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮಗೆ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಪ್ರವಾಸಿಗರು ಹೋಟೆಲಿನ ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುವ ಊರದು. ಅಲ್ಲಿ ಇವರು ಹಾರುತ್ತಾರೆ! ಅದೂ ಸಾಲದೆಂದು 2018ರಲ್ಲಿ ಚಾಂಗ್‌ಥಾಂಗ್‌ನ ಚಿಬ್ರಾ ಕರ್ಗ್ಯಾಮ್‌ನಲ್ಲಿ 4,361 ಮೀಟರ್ ಎತ್ತರದಲ್ಲಿ ಪಂದ್ಯವಾಡಿ ಗಿನ್ನೆಸ್ ದಾಖಲೆಯನ್ನೂ ಮಾಡಿಟ್ಟಿದ್ದಾರೆ.

ಆಟವನ್ನು ಲೇಹ್‌ಗೆ ತಂದವರು ಸೈನಿಕರು. 1970ರ ದಶಕದಲ್ಲಿ, ಕರ್ಜೂ ಎಂಬ ಕೊಳದ ಮೇಲೆ. ಸ್ಕೇಟ್ಸ್ ಎಲ್ಲಿಂದ ಬರಬೇಕು? ಮಿಲಿಟರಿ ಬೂಟಿನ ಅಡಿಗೆ ಕಬ್ಬಿಣದ ಅಲಗು ಕೂರಿಸಿಕೊಂಡರು. ನೋಡುತ್ತ ನಿಂತ ಊರ ಹುಡುಗರು ತಾವೂ ಹಾಗೇ ಮಾಡಿಕೊಂಡರು. 1985ರಲ್ಲಿ ಲಡಾಖ್ ವಿಂಟರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿತು. 1989ರಲ್ಲಿ ಭಾರತ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯನಾಯಿತು. ಆಮೇಲೆ ಬಹಳ ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಮಕ್ಕಳು ಆಡುತ್ತಿದ್ದರು ಅಷ್ಟೆ.

ಆ ‘ಅಷ್ಟೆ’ಯಲ್ಲೇ ಎಲ್ಲ ಇದೆ ಎಂದು ನನಗೀಗ ಅನ್ನಿಸುತ್ತದೆ. ಲಡಾಖಿನ ಶಾಲೆಗಳಿಗೆ ದೊಡ್ಡ ರಜೆ ಬೇಸಿಗೆಯಲ್ಲಲ್ಲ, ಕಡುಚಳಿಯಲ್ಲಿ. ರಜೆ ಶುರುವಾಗುವುದೂ ಐಸ್ ಕಟ್ಟುವುದೂ ಒಂದೇ ಹೊತ್ತಿಗೆ. ನಮ್ಮ ಮಕ್ಕಳು ಏಪ್ರಿಲ್‌ನಲ್ಲಿ ಬ್ಯಾಟು ಹಿಡಿದು ಬೀದಿಗಿಳಿದಂತೆ ಅಲ್ಲಿನ ಮಕ್ಕಳು ಜನವರಿಯಲ್ಲಿ ಐಸಿಗಿಳಿಯುತ್ತಾರೆ. ಏಳೆಂಟು ವರ್ಷದ ಪುಟಾಣಿಗಳು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ಅದನ್ನು ತಳ್ಳುತ್ತ ತಳ್ಳುತ್ತ ಜಾರುವುದನ್ನು ಕಲಿಯುವುದು ನೋಡಬೇಕು ನೀವು! ಮೂಗು ಕೆಂಪು, ಕೆನ್ನೆ ಬಿರಿದಿದೆ, ಕಾಲಿನ ಸ್ಕೇಟು ಅಣ್ಣನದೋ ಅಕ್ಕನದೋ, ಒಂದು ಸೈಜು ದೊಡ್ಡದು. ಕುರ್ಚಿ ಬಿಟ್ಟ ಮಗು ನಾಲ್ಕು ಹೆಜ್ಜೆ ಜಾರಿ ಬೀಳುತ್ತದೆ, ಅಳುವುದಿಲ್ಲ, ಎದ್ದು ಮತ್ತೆ ಕುರ್ಚಿ ಹುಡುಕುತ್ತದೆ. ಲೀಗಿನ ತಂಡಗಳಿಗೆ ಆಟಗಾರರು ಬಂದದ್ದು ಈ ಕುರ್ಚಿಗಳ ಹಿಂದಿನಿಂದಲೇ.

ಹೆಣ್ಣುಮಕ್ಕಳಿಗೆ ಆ ಕುರ್ಚಿಯೂ ಸಲೀಸಾಗಿ ಸಿಗಲಿಲ್ಲ. ಹುಡುಗರು ಆಡಿ ಮುಗಿಸಿದ ಮೇಲೆ ಉಳಿದ ಹೊತ್ತು, ಹುಡುಗರಿಂದಲೇ ಕಡ ತಂದ ಸಾಮಾನು. ಫೇ ಹಳ್ಳಿಯ ಸೆಕ್ಮೋಲ್ ಎಂಬ ಶಿಕ್ಷಣ ಸಂಸ್ಥೆ ಹುಡುಗಿಯರನ್ನೂ ಐಸಿಗಿಳಿಸಿತು. 2016ರಲ್ಲಿ ಜನರಿಂದ ಚಂದಾ ಎತ್ತಿ ಭಾರತದ ಮಹಿಳಾ ತಂಡ ಪಂದ್ಯಾವಳಿಗೆಂದು ತೈಪೆಗೆ ಹೋಯಿತು, ಬರಿಗೈಯಲ್ಲಿ ಮರಳಿತು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4–3ರ ಮೊದಲ ಗೆಲುವು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು. ತಂಡದಲ್ಲಿ ಹೆಚ್ಚೂಕಡಿಮೆ ಎಲ್ಲರೂ ಲಡಾಖಿನವರೇ.

ಆ ತಂಡಕ್ಕೆ ಗೋಲಿಯಾಗಿ ಆಡಿದ ನೂರ್ ಜಹಾನ್ ಅವರ ಕಸುಬೇನು ಗೊತ್ತೇ? ಗೊಂಪಾಗಳ, ಅಂದರೆ ಬೌದ್ಧ ಮಠಗಳ, ಗೋಡೆಗಳ ಮೇಲೆ ಶತಮಾನಗಳ ಹಿಂದೆ ಬರೆದ ಚಿತ್ರಗಳನ್ನು, ಥಂಕಾ ಎಂಬ ಹಳೆಯ ಬಟ್ಟೆಚಿತ್ರಗಳನ್ನು ಉಳಿಸಿಕೊಡುವುದು. ಬಣ್ಣದ ಒಂದು ಹಳಕು ಉದುರದಂತೆ ಉಸಿರು ಬಿಗಿಹಿಡಿದು ಬ್ರಷ್ಷು ಆಡಿಸುವ ಕೈ. ಅದೇ ಕೈಗೆ ದಪ್ಪನೆಯ ಗ್ಲೌಸು ತೊಟ್ಟು, ಗುಂಡಿನ ಹಾಗೆ ಬರುವ ಪಕ್ಕನ್ನು ಹಿಡಿಯುವುದು! ಇಂಥ ಪಾತ್ರವನ್ನು ಕಾದಂಬರಿಯಲ್ಲಿ ತಂದಿದ್ದರೆ ಅತಿಯಾಯಿತು ಎಂದು ನಾನೇ ಗೊಣಗುತ್ತಿದ್ದೆ.

ನಮಗೂ ಇದಕ್ಕೂ ಏನು ನಂಟು ಎನ್ನುವವರಿಗೆ ಒಂದು ಬೆರಗು ಉಳಿಸಿಟ್ಟಿದ್ದೇನೆ. ಅದೇ 2024ರ ಚಳಿಗಾಲದಲ್ಲಿ ಲೇಹ್ ಮತ್ತು ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸೇನೆಯ ನಂತರ ಎರಡನೇ ಸ್ಥಾನ ಪಡೆದ ತಂಡ ಕರ್ನಾಟಕ. ಹಿಮವೇ ಬೀಳದ ರಾಜ್ಯ! ಹಿಮದ ಮೇಲೆ ಚಿನ್ನ ಗೆದ್ದವರಲ್ಲಿ ಒಬ್ಬರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಹಾಗಾಗಿ ನಮ್ಮವರು ಆ ಕಡೆ ಹೋಗಿಲ್ಲ ಎಂದುಕೊಳ್ಳಬೇಡಿ.

ಲಡಾಖ್ ಎಂದರೆ ಜೂನ್, ಜುಲೈ ಎಂದು ಟಿಕೆಟ್ ತೆಗೆಸುವವರೇ, ಒಂದು ಸಲ ಜನವರಿಗೆ ತೆಗೆಸಿ. ಮೊದಲ ಎರಡು ದಿನ ಕೋಣೆಯಲ್ಲೇ ಇದ್ದು ಗಾಳಿಗೆ ಹೊಂದಿಕೊಳ್ಳಿ. ಮೂರನೆಯ ದಿನ ಬೆಳಗ್ಗೆ ಬೇಗ ಎದ್ದು ಕರ್ಜೂ ಎಲ್ಲಿ ಎಂದು ಯಾರನ್ನಾದರೂ ಕೇಳಿ, ಕೈಗವಸು ಹಾಕಿಕೊಂಡು ಹೊರಡಿ. ತಿಂಡಿ ಮುಗಿಸಿ ನಿಧಾನಕ್ಕೆ ಹೋಗೋಣ ಎಂದರೆ ಬಿಸಿಲೇರಿರುತ್ತದೆ, ಮಕ್ಕಳು ಸ್ಕೇಟು ಬಿಚ್ಚಿ ಮನೆಗೆ ಹೊರಟಿರುತ್ತಾರೆ.