ಎಂಜಿನ್ ಸರಿಯಿದ್ದರೂ ಎಚ್ಚರಿಕೆ ದೀಪ ಏಕೆ?

ಕೆರೆಯ ಹೂಳೆತ್ತುತ್ತಿದ್ದ ಎಕ್ಸ್‌ಕವೇಟರ್‌ನ ಪರದೆಯಲ್ಲಿ ಒಮ್ಮೆಲೇ ನಾಲ್ಕೈದು ದೋಷ ಸಂಕೇತಗಳು ಬಂದವು. ಮೆಕ್ಯಾನಿಕ್ ಎಂಜಿನ್ ಮುಟ್ಟಲೇ ಇಲ್ಲ, ಮೀಟರ್ ಹಿಡಿದು ಎರಡು ವೈರ್ ನೋಡಿ ಸರಿಮಾಡಿದರು. ಅದು ಹೇಗೆ?

ಇಂದಿನ ಎಕ್ಸ್‌ಕವೇಟರ್‌ನಲ್ಲಿ ಎಂಜಿನ್, ಹೈಡ್ರಾಲಿಕ್ ಪಂಪ್, ಪರದೆ ಎಲ್ಲಕ್ಕೂ ಪುಟ್ಟ ಕಂಪ್ಯೂಟರ್‌ಗಳಿವೆ. ಅವು ಮಾತಾಡಿಕೊಳ್ಳುವುದು ಒಂದಕ್ಕೊಂದು ಹೆಣೆದ ಎರಡೇ ವೈರ್‌ಗಳ ಮೂಲಕ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಈ ವ್ಯವಸ್ಥೆಯೇ ಕ್ಯಾನ್ ಬಸ್. ವಾಟ್ಸಾಪ್ ಗುಂಪಿನಂತೆ ಇಲ್ಲಿ ಒಬ್ಬರು ಹಾಕಿದ್ದು ಎಲ್ಲರಿಗೂ ತಲುಪುತ್ತದೆ, ಬೇಕಾದವರು ಓದಿಕೊಳ್ಳುತ್ತಾರೆ. ಹಾಗಾಗಿ ವೈರ್ ಒಂದೆಡೆ ಕೆಟ್ಟರೂ ಹಲವು ಭಾಗಗಳು ಒಟ್ಟಿಗೇ ದೂರು ಕೊಡುತ್ತವೆ.

ಸಂಕೇತ ತುದಿಗೆ ಬಡಿದು ವಾಪಸ್ ಬರದಿರಲೆಂದು ಈ ಜೋಡಿಯ ಎರಡೂ ಕೊನೆಗಳಲ್ಲಿ 120 ಓಮ್‌ನ ರೆಸಿಸ್ಟರ್ ಇಟ್ಟಿರುತ್ತಾರೆ. ಬ್ಯಾಟರಿ ಸ್ವಿಚ್ ಆಫ್ ಮಾಡಿ ಎರಡು ವೈರ್‌ಗಳ ನಡುವೆ ಅಳೆದರೆ ಸುಮಾರು 60 ಓಮ್ ತೋರಿಸಬೇಕು. 120 ಬಂತೋ, ವೈರ್ ಎಲ್ಲೋ ತುಂಡಾಗಿದೆ ಇಲ್ಲವೇ ಒಂದು ರೆಸಿಸ್ಟರ್‌ನ ಸಂಪರ್ಕ ತಪ್ಪಿದೆ. ಸೊನ್ನೆಯ ಹತ್ತಿರ ಬಂದರೆ ವೈರ್‌ಗಳೆರಡೂ ತಾಗಿಕೊಂಡಿವೆ. ಆಮೇಲೆ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಅಳೆದರೆ ಜಾಗ ಸಿಗುತ್ತದೆ. ಕೆಸರಲ್ಲಿ ದುಡಿಯುವ ಯಂತ್ರದಲ್ಲಿ ಅದು ಹೆಚ್ಚಾಗಿ ಹಸಿರು ಕಿಲುಬು ಹಿಡಿದ ಪಿನ್ನೋ, ಉಜ್ಜಿ ಉಜ್ಜಿ ಸವೆದ ವೈರೋ ಆಗಿರುತ್ತದೆ. ಇಷ್ಟನ್ನೂ ನೋಡದೆ ದುಬಾರಿ ಕಂಟ್ರೋಲರ್ ಬದಲಿಸಿ ಎನ್ನುವವರ ಮಾತಿಗೆ ಒಪ್ಪಬೇಡಿ.